ಆರು ತಟ್ಟೆ, ಮೂರು ಬಳ್ಳಿ

ಒಂದು ಸಭೆಯಲ್ಲಿ ಆಡಿದ ಮಾತುಗಳನ್ನು ಸ್ವಲ್ಪ ತಿದ್ದಿ ಇಲ್ಲಿ ಬರೆದಿದ್ದೇನೆ. ನಡುನಡುವೆ ಬಂದ ಪ್ರಶ್ನೆಗಳನ್ನೂ ಬಿಟ್ಟಿಲ್ಲ. ಕೆಲವು ಪ್ರಶ್ನೆಗಳು ನನ್ನ ಮಾತಿಗಿಂತ ಚೆನ್ನಾಗಿದ್ದವು.

ಎಲ್ಲರಿಗೂ ನಮಸ್ಕಾರ. ಮೇಜಿನ ಮೇಲೆ ಆರು ತಟ್ಟೆ ಇಟ್ಟಿದ್ದೇನೆ. ಎಲ್ಲದರಲ್ಲೂ ಒಣದ್ರಾಕ್ಷಿಯೇ. ಪಕ್ಕದಲ್ಲಿ ಮುಚ್ಚಿಟ್ಟ ಒಂದು ಬಟ್ಟಲಿದೆ, ಅದರ ಮಾತು ಆಮೇಲೆ. ಒಳಗೆ ಬರುವಾಗ ನಿಮ್ಮ ಕೈಗೆ ಒಂದೊಂದು ಚೀಟಿ ಕೊಟ್ಟು, ಈ ಆರು ತಟ್ಟೆ ಎಷ್ಟು ಜಾತಿಯ ದ್ರಾಕ್ಷಿಯಿಂದ ಬಂದಿರಬಹುದು, ಬರೆಯಿರಿ ಅಂದಿದ್ದೆ. ಚೀಟಿಗಳನ್ನು ಬಿಡಿಸಿ ನೋಡಿದೆ. ಬಹಳ ಜನ ಆರು ಅಂತ ಬರೆದಿದ್ದೀರಿ. ಕೆಲವರು ಐದು. ಒಬ್ಬರು ಮಾತ್ರ ಸಂಖ್ಯೆಯನ್ನೇ ಬರೆಯದೆ, "ಇದರಲ್ಲೇನೋ ಕಿತಾಪತಿ ಇದೆ" ಎಂದು ಬರೆದು ಕೈ ತೊಳೆದುಕೊಂಡಿದ್ದಾರೆ. ಬಹುಮಾನ ಅವರಿಗೇ ಕೊಡಬೇಕು.

ಉತ್ತರ ಮೂರು.

ಮೊದಲನೇ ತಟ್ಟೆಯದು ಕಪ್ಪಿಗೆ ತಿರುಗಿದ ಕಂದು. ಎರಡನೆಯದು ಜೇನಿನ ಬಣ್ಣ. ಮೂರನೆಯದು ಹೊಳೆಯುವ ಹಳದಿ. ನಾಲ್ಕನೆಯದು ತಿಳಿಹಸಿರು. ಈ ನಾಲ್ಕೂ ಒಂದೇ ಜಾತಿಯ ಬಳ್ಳಿಯ ಹಣ್ಣು. ಹೌದು, ನಾಲ್ಕೂ! ಐದನೆಯದು ಮೆಣಸಿನಕಾಳಿನಷ್ಟು ಪುಟ್ಟದು, ಕಡುಕಪ್ಪು. ಅದು ಬೇರೆ ಬಳ್ಳಿ. ಆರನೆಯದು ದಪ್ಪ, ಒಳಗೆ ಬೀಜ. ಅದು ಇನ್ನೊಂದು ಬಳ್ಳಿ.

ನೀವು ತಪ್ಪಿದ್ದು ಸಹಜ. ಕಣ್ಣು ಮೊದಲು ಓಡುವುದು ಬಣ್ಣದ ಕಡೆಗೆ ತಾನೆ? ಆದರೆ ಒಣದ್ರಾಕ್ಷಿಯ ವಿಷಯದಲ್ಲಿ ಬಣ್ಣದಷ್ಟು ದೊಡ್ಡ ಸುಳ್ಳು ಸಾಕ್ಷಿ ಇನ್ನೊಂದಿಲ್ಲ. ಹಣ್ಣು ಬಳ್ಳಿಯಿಂದ ಇಳಿದ ಮೇಲೆ ಅದಕ್ಕೆ ಏನೇನು ಮಾಡಿದರು ಎಂಬುದನ್ನು ಬಣ್ಣ ಹೇಳುತ್ತದೆ. ಹುಟ್ಟಿದ ಮನೆ ಯಾವುದು ಎಂದು ತಿಳಿಯಬೇಕಾದರೆ ಗಾತ್ರ ನೋಡಬೇಕು, ಬೀಜ ನೋಡಬೇಕು. ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟೇ. ಉಳಿದದ್ದೆಲ್ಲ ಇದರ ಸುತ್ತ ಸುತ್ತುವ ಕತೆ.

ಮೊದಲು ಹೆಸರಿನ ರಗಳೆ ಮುಗಿಸಿಬಿಡೋಣ.

ಕನ್ನಡದಲ್ಲಿ ಒಣದ್ರಾಕ್ಷಿ ಅಂದರೆ ಮುಗಿಯಿತು. ಒಣಗಿದ ದ್ರಾಕ್ಷಿ, ಅದಕ್ಕೇ ಒಣದ್ರಾಕ್ಷಿ. ಫ್ರೆಂಚರೂ ನಮ್ಮ ಹಾಗೇ. ಅವರಿಗೆ 'ರೆಝ್ಯಾಂ' ಅಂದರೆ ಹಸಿ ದ್ರಾಕ್ಷಿ, 'ರೆಝ್ಯಾಂ ಸೆಕ್' ಅಂದರೆ ಒಣ ದ್ರಾಕ್ಷಿ. ಇಂಗ್ಲಿಷಿನವರು ಆ ಮೊದಲ ಪದವನ್ನು ಎರವಲು ತಂದು, ಒಣಗಿದ್ದಕ್ಕೆ ಮಾತ್ರ ಅಂಟಿಸಿಕೊಂಡರು. ಅದೇ ರೈಸಿನ್. ಸಾಲದು ಅಂತ ಸುಲ್ತಾನ, ಕರಂಟ್, ಗೋಲ್ಡನ್ ರೈಸಿನ್ ಎಂದು ಇನ್ನೂ ಮೂರು ಹೆಸರು ಸೇರಿಸಿದರು. ಈ ಹೆಸರುಗಳು ಒಂದೇ ಅಳತೆಗೋಲಿನವಲ್ಲ. ಸುಲ್ತಾನ ಎಂಬುದು ದ್ರಾಕ್ಷಿಯ ಜಾತಿಯ ಹೆಸರು. ಕರಂಟ್ ಎಂಬುದು ಒಂದು ಊರಿನ ಹೆಸರು, ಬಾಯಿಂದ ಬಾಯಿಗೆ ಹೋಗುತ್ತ ಕೆಟ್ಟಿದೆ. ಗೋಲ್ಡನ್ ಎಂಬುದು ಒಣಗಿಸುವ ವಿಧಾನದಿಂದ ಬಂದ ಬಣ್ಣದ ಹೆಸರು. ಜಾತಿ, ಊರು, ಕೆಲಸ ಮೂರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ 'ಇವುಗಳಲ್ಲಿ ವ್ಯತ್ಯಾಸ ಹೇಳಿ' ಅಂದರೆ ಯಾರಿಗೆ ತಾನೇ ತಲೆ ಕೆಡುವುದಿಲ್ಲ?

ಇದರ ಮೇಲೆ ದೇಶಕ್ಕೊಂದು ಅರ್ಥ ಬೇರೆ. ಬ್ರಿಟನ್ನಿನಲ್ಲಿ ರೈಸಿನ್, ಸುಲ್ತಾನ, ಕರಂಟ್ ಮೂರೂ ಬೇರೆ ಬೇರೆ ಪೊಟ್ಟಣ. ಅಮೆರಿಕದಲ್ಲಿ ಸುಲ್ತಾನ ಎಂಬ ಮಾತು ಅಪರೂಪ. ಅಲ್ಲಿ ಕಪ್ಪಗಿರುವುದು ರೈಸಿನ್, ಹಳದಿಯದು ಗೋಲ್ಡನ್ ರೈಸಿನ್. ಆಸ್ಟ್ರೇಲಿಯಾದವರು ಸುಲ್ತಾನ ಅಂದರೆ ಜೇನುಬಣ್ಣದ ಬೀಜವಿಲ್ಲದ್ದು. ಅಲ್ಲಿ ರೈಸಿನ್ ಎಂಬ ಹೆಸರು ವಾಡಿಕೆಯಲ್ಲಿ ಹೋಗಿದ್ದು ದಪ್ಪ ಮಸ್ಕತ್ ಜಾತಿಗೆ. ಹಾಗಾಗಿ ಪೊಟ್ಟಣದ ಮೇಲಿನ ಹೆಸರು ಓದುವಾಗ ಅದನ್ನು ಎಲ್ಲಿಯವರು ಬರೆದದ್ದು ಎಂದೂ ನೋಡಬೇಕಾಗುತ್ತದೆ.

ಈಗ ಮೊದಲ ನಾಲ್ಕು ತಟ್ಟೆಗಳ ಬಳ್ಳಿಗೆ ಬರೋಣ.

ಇದು ಬೀಜವಿಲ್ಲದ, ಸ್ವಲ್ಪ ಉದ್ದುದ್ದ ಇರುವ, ತಿಳಿಹಸಿರು ದ್ರಾಕ್ಷಿ. ಪರ್ಷಿಯನ್ ಮಾತಾಡುವ ಕಡೆ ಇದಕ್ಕೆ ಕಿಶ್ಮಿಶ್ ಅಂತ ಹೆಸರು. ಟರ್ಕಿಯ ಕಡೆಯಿಂದ ಪಡುವಣಕ್ಕೆ ಹೋದಾಗ ಸುಲ್ತಾನ ಆಯಿತು, ಗ್ರೀಸಿನಲ್ಲಿ ಸುಲ್ತಾನಿನ. ಕ್ಯಾಲಿಫೋರ್ನಿಯಾದಲ್ಲಿ ಅದಕ್ಕೆ ಸಿಕ್ಕಿದ ಹೆಸರು ಥಾಮ್ಸನ್ ಸೀಡ್‌ಲೆಸ್. ವಿಲಿಯಂ ಥಾಮ್ಸನ್ ಎಂಬ ರೈತ 1872ರಲ್ಲಿ ನ್ಯೂಯಾರ್ಕ್ ರಾಜ್ಯದ ಒಂದು ಸಸಿತೋಟದಿಂದ ಈ ಬಳ್ಳಿಯ ಕಡ್ಡಿಗಳನ್ನು ತರಿಸಿದ. ಆಗ ಅದರ ಹೆಸರು ಲೇಡಿ ಡಿ ಕವರ್ಲಿ. ತರಿಸಿದ ಕಡ್ಡಿಗಳಲ್ಲಿ ಬದುಕಿದ್ದು ಒಂದೇ ಎಂದು ಹೇಳುತ್ತಾರೆ. ಹೆಂಗಸಿನ ಹೆಸರು ಹೋಗಿ ರೈತನ ಹೆಸರು ನಿಂತಿತು. ಆಮೇಲೆ ಇಡೀ ಕಣಿವೆಯೇ ಆ ಬಳ್ಳಿಯಿಂದ ತುಂಬಿಹೋಯಿತು. ಕಿಶ್ಮಿಶ್, ಸುಲ್ತಾನ, ಥಾಮ್ಸನ್, ಮೂರು ಹೆಸರಿಗೂ ಬಳ್ಳಿ ಒಂದೇ.

ಹಾಗಾದರೆ ಒಂದೇ ಹಣ್ಣು ನಾಲ್ಕು ಬಣ್ಣ ಆಗುವುದು ಹೇಗೆ? ನನಗೆ ಇಡೀ ವಿಷಯದಲ್ಲಿ ಹೆಚ್ಚು ಖುಷಿ ಕೊಡುವ ಭಾಗ ಇದು. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಹಸಿ ದ್ರಾಕ್ಷಿಯಲ್ಲಿ ಹತ್ತಿರ ಹತ್ತಿರ ಶೇ. 80ರಷ್ಟು ನೀರು. ಒಣಗಿದ ಮೇಲೆ ಉಳಿಯುವುದು ಸುಮಾರು ಶೇ. 15. ಒಂದು ಕಿಲೋ ಒಣದ್ರಾಕ್ಷಿಗೆ ನಾಲ್ಕು ಕಿಲೋ, ಕೆಲವೊಮ್ಮೆ ಅದಕ್ಕೂ ಜಾಸ್ತಿ ಹಸಿ ಹಣ್ಣು ಬೇಕು. ಇಷ್ಟೊಂದು ನೀರು ಹೊರಗೆ ಹೋಗಬೇಕು, ಆದರೆ ದಾರಿ ಇಲ್ಲ. ಏಕೆಂದರೆ ದ್ರಾಕ್ಷಿ ಮೈಗೆ ಮೇಣ ಬಳಿದುಕೊಂಡು ಕೂತಿದೆ. ಹಸಿ ದ್ರಾಕ್ಷಿಯ ಮೇಲೆ ಬೂದಿ ಉದುರಿಸಿದ ಹಾಗೆ ಬೆಳ್ಳಗೆ ಮಸುಕಾಗಿ ಕಾಣುತ್ತದಲ್ಲ, ಬೆರಳಿಂದ ಉಜ್ಜಿದರೆ ಹೋಗುತ್ತದಲ್ಲ, ಅದೇ ಮೇಣ. ಔಷಧಿ ಸಿಂಪಡಿಸಿದ ಪುಡಿ ಅಂತ ತಿಳಿದು ಹೆದರುವವರಿದ್ದಾರೆ. ಹಣ್ಣು ತಾನೇ ಮಾಡಿಕೊಂಡ ಮಳೆಯಂಗಿ ಅದು.

ಮೊದಲನೇ ತಟ್ಟೆಯ ಹಣ್ಣಿಗೆ ಯಾರೂ ಏನೂ ಮಾಡಿಲ್ಲ. ಗೊಂಚಲು ಕೊಯ್ದು, ಸಾಲುಗಳ ನಡುವೆ ಕಾಗದ ಹಾಸಿ, ಅದರ ಮೇಲೆ ಹರಡಿ ಬಿಸಿಲಿಗೆ ಬಿಟ್ಟಿದ್ದಾರೆ. ಕ್ಯಾಲಿಫೋರ್ನಿಯಾದ ಹಳೇ ಪದ್ಧತಿ ಇದು. ಎರಡು ಮೂರು ವಾರ ಬೇಕು. ಮೇಣ ಹಾಗೇ ಇರುವುದರಿಂದ ನೀರು ನಿಧಾನಕ್ಕೆ ಹೋಗುತ್ತದೆ. ಅಷ್ಟು ದಿನ ಹಣ್ಣಿನೊಳಗಿನ ಕಿಣ್ವಗಳು ಸುಮ್ನೆ ಕೂರುವುದಿಲ್ಲ. ಕತ್ತರಿಸಿಟ್ಟ ಸೇಬು ಕಂದಾಗುತ್ತದಲ್ವಾ? ಅದೇ ಕೆಲಸ ಇಲ್ಲೂ ನಡೆಯುತ್ತದೆ. ಜೊತೆಗೆ ಸಕ್ಕರೆಯೂ ಅಮೈನೋ ಆಮ್ಲಗಳೂ ಬಿಸಿಲಿನಲ್ಲಿ ಸೇರಿ ಇನ್ನಷ್ಟು ಕಂದು ಮಾಡುತ್ತವೆ. ಹಸಿರು ಹಣ್ಣು ಕಪ್ಪಾಗುವುದು ಹೀಗೆ. ಈ ತಟ್ಟೆಯಿಂದ ಒಂದನ್ನು ತಿಂದು ನೋಡಿ. ಸುಟ್ಟ ಸಕ್ಕರೆಯ ಛಾಯೆ ಇರುತ್ತದೆ. ಆ ರುಚಿ ಬಳ್ಳಿಯಲ್ಲಿ ಇರಲಿಲ್ಲ, ಕಾಗದದ ಮೇಲೆ ಹುಟ್ಟಿತು.

ಎರಡನೇ ತಟ್ಟೆಯ ಹಣ್ಣನ್ನು ಒಣಗಿಸುವ ಮೊದಲು ಅದ್ದಿದ್ದಾರೆ. ಪೊಟ್ಯಾಸಿಯಂ ಕಾರ್ಬೊನೇಟ್ ಬೆರೆಸಿದ ನೀರಿಗೆ ಸ್ವಲ್ಪ ಎಣ್ಣೆಯಂಶ ಸೇರಿಸಿ, ಅದರಲ್ಲಿ ಗೊಂಚಲು ಮುಳುಗಿಸಿ ತೆಗೆಯುತ್ತಾರೆ. ಹಳೇ ಕಾಲದ ಮೆಡಿಟರೇನಿಯನ್ ರೈತರು ಬೂದಿ ನೀರು, ಆಲಿವ್ ಎಣ್ಣೆ ಬಳಸಿ ಇದೇ ಕೆಲಸ ಮಾಡುತ್ತಿದ್ದರು. ಬೂದಿಯಲ್ಲಿ ಇರುವುದೂ ಅದೇ ಕಾರ್ಬೊನೇಟ್ ತಾನೆ. ಇದರಿಂದ ಮೇಣ ತೊಳೆದು ಹೋಗುವುದಿಲ್ಲ. ಹೆಂಚು ಹೊದಿಸಿದಂತೆ ಒತ್ತಾಗಿದ್ದ ಮೇಣದ ಪದರ ಸ್ವಲ್ಪ ಸಡಿಲವಾಗುತ್ತದೆ, ನೀರಿಗೆ ಸಂದು ಸಿಗುತ್ತದೆ. ಒಣಗುವ ಸಮಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಕಂದಾಗಲು ಪುರುಸೊತ್ತೇ ಇಲ್ಲ! ಅದಕ್ಕೇ ಜೇನುಬಣ್ಣದಲ್ಲೇ ನಿಲ್ಲುತ್ತದೆ. ಟರ್ಕಿಯ ಇಜ್ಮಿರ್, ಮನಿಸಾ ಕಡೆಯ ಸುಲ್ತಾನ, ಆಸ್ಟ್ರೇಲಿಯಾದ ಮಿಲ್ಡುರಾ ಸುತ್ತಿನ ಸುಲ್ತಾನ ಎರಡೂ ಈ ದಾರಿಯವು.

ಮೂರನೆಯದು, ಈ ಮಿರಿಮಿರಿ ಹಳದಿ. ಇಲ್ಲಿ ಮನುಷ್ಯನ ಕೈವಾಡ ಜಾಸ್ತಿ. ಹಣ್ಣನ್ನು ಬಿಸಿ ಕಾಸ್ಟಿಕ್ ಸೋಡಾ ನೀರಿನಲ್ಲಿ ಕ್ಷಣಕಾಲ ಅದ್ದುತ್ತಾರೆ. ಸಿಪ್ಪೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕು ಬೀಳುತ್ತದೆ. ಆಮೇಲೆ ಮುಚ್ಚಿದ ಕೋಣೆಯಲ್ಲಿ ಕೆಲವು ಗಂಟೆ ಗಂಧಕದ ಹೊಗೆ, ಅಂದರೆ ಸಲ್ಫರ್ ಡೈಆಕ್ಸೈಡ್ ಕೊಡುತ್ತಾರೆ. ಅದು ಕಂದು ಮಾಡುವ ಕಿಣ್ವದ ಕೈ ಕಟ್ಟಿಹಾಕುತ್ತದೆ. ಕೊನೆಗೆ ಬಿಸಿಗಾಳಿಯ ಸುರಂಗದಲ್ಲಿ ಒಣಗಿಸುತ್ತಾರೆ. ಬಿಸಿಲಿನಲ್ಲಿ ವಾರಗಟ್ಟಲೆ ಆಗುವ ಕೆಲಸ ಇಲ್ಲಿ ಒಂದು ದಿನದ ಆಸುಪಾಸಿನಲ್ಲಿ ಮುಗಿಯುತ್ತದೆ. ಬಿಸಿಲು ತಾಗದ ಒಣದ್ರಾಕ್ಷಿ ಇದು. ಆದರೆ ಪೊಟ್ಟಣದ ಮೇಲೆ ಸೂರ್ಯನ ಚಿತ್ರ ಬರೆದುಬಿಟ್ಟರೆ ಯಾರು ಕೇಳುತ್ತಾರೆ?

ಇಲ್ಲಿ ಮುಂದಿನ ಸಾಲಿನಲ್ಲಿದ್ದ ಒಬ್ಬರು ಕೈ ಎತ್ತಿದರು. "ಗಂಧಕ ಅಂದರೆ ವಿಷ ಅಲ್ವಾ?" ಎಂದು ಕೇಳಿದರು. ಸಾಮಾನ್ಯವಾಗಿ ತಿನ್ನುವವರಿಗೆ ತೊಂದರೆ ಇಲ್ಲ. ಆದರೆ ಈ ಹೊಗೆಯಿಂದ ಹಣ್ಣಿನಲ್ಲಿ ಉಳಿಯುವ ಸಲ್ಫೈಟ್ ಅಸ್ತಮಾ ಇರುವ ಕೆಲವರಿಗೆ ಆಗುವುದಿಲ್ಲ, ಉಸಿರು ಕಟ್ಟಬಹುದು. ಅದಕ್ಕೇ ಯೂರೋಪಿನಲ್ಲೂ ಅಮೆರಿಕದಲ್ಲೂ ಕಿಲೋಗೆ 10 ಮಿಲಿಗ್ರಾಂಗಿಂತ ಹೆಚ್ಚು ಸಲ್ಫೈಟ್ ಉಳಿದಿದ್ದರೆ ಪೊಟ್ಟಣದ ಮೇಲೆ ಬರೆಯಲೇಬೇಕು ಎಂಬ ನಿಯಮವಿದೆ. ಹಳದಿ ಒಣದ್ರಾಕ್ಷಿಯಲ್ಲಿ ಅದು ಆ ಗೆರೆ ದಾಟಿಯೇ ಇರುತ್ತದೆ ಎಂದುಕೊಳ್ಳಿ. ಎರಡನೇ ಮತ್ತು ಮೂರನೇ ತಟ್ಟೆಗಳ ನಡುವೆ ಅನುಮಾನ ಬಂದರೆ ಪೊಟ್ಟಣದ ಆ ಪುಟ್ಟ ಅಕ್ಷರಗಳೇ ಗಟ್ಟಿ ಸಾಕ್ಷಿ. ನಾಲಿಗೆಗೂ ಗೊತ್ತಾಗುತ್ತದೆ. ಹಳದಿಯದರಲ್ಲಿ ಸುಟ್ಟ ಸಕ್ಕರೆಯ ರುಚಿ ಇರುವುದಿಲ್ಲ, ಹಸಿ ಹಣ್ಣಿನ ಹುಳಿ ಸ್ವಲ್ಪ ಉಳಿದಿರುತ್ತದೆ.

ನಾಲ್ಕನೇ ತಟ್ಟೆ, ಹಸಿರು. ನನಗೆ ಇದರ ಮೇಲೆ ಸ್ವಲ್ಪ ಪಕ್ಷಪಾತ. ಚೀನಾದ ಷಿನ್‌ಜಿಯಾಂಗ್‌ನಲ್ಲಿ ತುರ್ಫಾನ್ ಎಂಬ ತಗ್ಗು ಪ್ರದೇಶ ಇದೆ. ಅದರ ತಳ ಸಮುದ್ರಮಟ್ಟಕ್ಕಿಂತ 154 ಮೀಟರ್ ಕೆಳಗೆ. ಬೇಸಗೆಯಲ್ಲಿ ಕುಲುಮೆ, ಗಾಳಿ ಒಣ ಒಣ. ಅಲ್ಲಿನವರು ಮಣ್ಣಿನ ಇಟ್ಟಿಗೆಗಳನ್ನು ಒಂದು ಬಿಟ್ಟು ಒಂದು ಜೋಡಿಸಿ, ಗೋಡೆ ತುಂಬ ಕಿಂಡಿ ಇರುವ ಮನೆ ಕಟ್ಟುತ್ತಾರೆ. ಮನುಷ್ಯರು ವಾಸ ಮಾಡಲು ಅಲ್ಲ, ದ್ರಾಕ್ಷಿಗೆ. ಒಳಗೆ ಗೊಂಚಲುಗಳನ್ನು ನೇತುಹಾಕುತ್ತಾರೆ. ಬಿಸಿಗಾಳಿ ಕಿಂಡಿಗಳಿಂದ ನುಗ್ಗಿ ಹಾದುಹೋಗುತ್ತದೆ, ಬಿಸಿಲು ಒಳಗೆ ಬರುವುದಿಲ್ಲ. ಒಂದು ತಿಂಗಳಿಗೂ ಹೆಚ್ಚು ಹಿಡಿಯುತ್ತದೆ. ನೆರಳಿನಲ್ಲಿ ಒಣಗಿದ್ದರಿಂದ ಹಸಿರು ಬಣ್ಣ ಪೂರ್ತಿ ಸಾಯುವುದಿಲ್ಲ. ಅಫ್ಘಾನಿಸ್ತಾನದಲ್ಲೂ ಇಂಥ ಕಿಂಡಿ ಮನೆಗಳಿವೆ, ಹೆಸರು ಕಿಶ್ಮಿಶ್ ಖಾನಾ. ಅಲ್ಲಿನ ವ್ಯಾಪಾರಿಗಳು ಒಣದ್ರಾಕ್ಷಿಯನ್ನು ಎರಡೇ ಮಾತಿನಲ್ಲಿ ಬೇರೆ ಮಾಡುತ್ತಾರೆ. ಬಿಸಿಲಿನದು ಆಫ್ತಾಬಿ, ನೆರಳಿನದು ಸಾಯಗಿ. ನಾನು ಇಷ್ಟು ಹೊತ್ತು ಹೇಳಿದ್ದನ್ನು ಅವರು ಎರಡು ಪದದಲ್ಲಿ ಮುಗಿಸಿದ್ದಾರೆ.

ಒಂದು ಎಚ್ಚರ. ಹಸಿರು ಇದ್ದ ಮಾತ್ರಕ್ಕೆ ನೆರಳಿನದೇ ಎಂದು ನಂಬಬೇಡಿ. ಗಂಧಕ ಕೊಟ್ಟೂ ಹಸಿರು ಉಳಿಸಬಹುದು. ಎಲ್ಲ ಕಾಳೂ ಒಂದೇ ಅಚ್ಚಿನಲ್ಲಿ ತೆಗೆದ ಹಾಗೆ ಹಸಿರಾಗಿದ್ದರೆ ನನಗೆ ಅನುಮಾನ. ನೆರಳಿನ ತಟ್ಟೆಯಲ್ಲಿ ಕೆಲವು ಹಸಿರು, ಕೆಲವು ಹಳದಿ ಮಿಶ್ರ, ಅಲ್ಲೊಂದು ಇಲ್ಲೊಂದು ಕಂದು ಇದ್ದೇ ಇರುತ್ತವೆ.

ಐದನೇ ತಟ್ಟೆಗೆ ಹೋಗುವ ಮುಂಚೆ ಬೀಜದ ವಿಷಯ ಹೇಳಬೇಕು. ಬೀಜವಿಲ್ಲದ ದ್ರಾಕ್ಷಿ ಅಂತ ಸಲೀಸಾಗಿ ಹೇಳುತ್ತೇವೆ. ಅದರಲ್ಲೂ ಎರಡು ಥರ ಇದೆ. ಕಿಶ್ಮಿಶ್ ಬಳ್ಳಿಯಲ್ಲಿ ಹೂವಿಗೆ ಪರಾಗ ತಾಗುತ್ತದೆ, ಬೀಜ ಕಟ್ಟಲು ಶುರುವೂ ಆಗುತ್ತದೆ. ಆಮೇಲೆ ಭ್ರೂಣ ನಡುವೆಯೇ ಕೈಬಿಡುತ್ತದೆ. ಹಾಗಾಗಿ ಒಳಗೆ ಬೀಜದ ಕುರುಹು ಒಂದು ಉಳಿದಿರುತ್ತದೆ, ಮೆತ್ತಗೆ, ಎಳ್ಳಿಗಿಂತ ಸಣ್ಣದು. ಬೆಚ್ಚನೆಯ ನೀರಲ್ಲಿ ಒಂದು ಗಂಟೆ ನೆನೆಸಿ, ಉದ್ದಕ್ಕೆ ಸೀಳಿ, ಭೂತಗನ್ನಡಿಯಲ್ಲಿ ನೋಡಿ. ಕಾಣುತ್ತದೆ. ಐದನೇ ತಟ್ಟೆಯ ಬಳ್ಳಿಗೆ ಆ ಗೋಜೂ ಇಲ್ಲ. ಬೀಜ ಕಟ್ಟದೆಯೇ ಕಾಯಿ ಊದಿಕೊಳ್ಳುತ್ತದೆ. ಒಳಗೆ ಹುಡುಕಿದರೂ ಕುರುಹು ಸಿಗುವುದು ಕಷ್ಟ. ಅಪರೂಪಕ್ಕೆ ಒಂದು ಕಾಳಿನಲ್ಲಿ ಬೀಜ ಕಟ್ಟಿಬಿಡುತ್ತದೆ, ಆ ಕಾಳು ಗುಂಪಿನಲ್ಲಿ ದೊಡ್ಡಣ್ಣನ ಹಾಗೆ ದಪ್ಪಗಿರುತ್ತದೆ.

ಈ ಪುಟ್ಟ ಕಪ್ಪು ಕಾಳೇ ಕರಂಟ್. ಬಳ್ಳಿಯ ಹೆಸರು ಬ್ಲಾಕ್ ಕೊರಿಂತ್. ಗ್ರೀಸಿನ ಕೊರಿಂತ್ ಬಂದರಿನ ಹೆಸರು ವ್ಯಾಪಾರಿಗಳ ಬಾಯಲ್ಲಿ ಸವೆದು ಸವೆದು ಕರಂಟ್ ಆಗಿದೆ. ಹಣ್ಣು ಹಸಿಯಾಗಿದ್ದಾಗಲೇ ಬಟಾಣಿಗಿಂತ ಸಣ್ಣದು, ಒಣಗಿದ ಮೇಲೆ ಕೇಳಬೇಕೆ. ಇಷ್ಟು ಸಣ್ಣ ಹಣ್ಣು ಬಳ್ಳಿಯಲ್ಲಿ ನಿಲ್ಲಿಸುವುದೇ ಕಷ್ಟ. ಬೀಜವಿಲ್ಲದ ಎಳೆಕಾಯಿಗಳು ಉದುರಿಹೋಗುತ್ತವೆ. ಅದಕ್ಕೆ ರೈತರು ಹೂ ಬಿಡುವ ಹೊತ್ತಿಗೆ ಕಾಂಡದ ಸುತ್ತ ತೊಗಟೆಯ ತೆಳು ಉಂಗುರ ಕೆತ್ತಿ ತೆಗೆಯುತ್ತಿದ್ದರು. ಎಲೆಗಳು ಮಾಡಿದ ಸಕ್ಕರೆ ಬೇರಿಗೆ ಇಳಿಯದೆ ಮೇಲೆಯೇ ಉಳಿದು ಕಾಯಿಗೆ ಸಿಗಲಿ ಎಂದು. ಈಗ ಬಹಳ ಕಡೆ ಅದರ ಬದಲು ಜಿಬ್ಬೆರೆಲಿಕ್ ಆಮ್ಲ ಎಂಬ ಸಸ್ಯ ಹಾರ್ಮೋನ್ ಸಿಂಪಡಿಸುತ್ತಾರೆ.

ಈ ಮೆಣಸಿನಕಾಳಿನಷ್ಟು ಹಣ್ಣು ಒಂದು ದೇಶವನ್ನೇ ದಿವಾಳಿಗೆ ದೂಡಿದ ಕತೆ ಹೇಳಲೇಬೇಕು. ಹತ್ತೊಂಬತ್ತನೇ ಶತಮಾನದ ಗ್ರೀಸಿಗೆ ಕರಂಟೇ ದೊಡ್ಡ ರಫ್ತು. 1860ರ ದಶಕದಿಂದ ಫ್ರಾನ್ಸಿನ ದ್ರಾಕ್ಷಿ ತೋಟಗಳಿಗೆ ಫಿಲಾಕ್ಸೆರಾ ಎಂಬ ಬೇರು ತಿನ್ನುವ ಹೇನು ಬಿತ್ತು. ಬಳ್ಳಿಗಳು ಸಾಲುಸಾಲಾಗಿ ಸತ್ತವು. ವೈನ್ ಮಾಡಲು ಹಣ್ಣಿಲ್ಲ. ಫ್ರೆಂಚರು ಗ್ರೀಸಿನ ಕರಂಟ್ ತರಿಸಿ, ನೆನೆಸಿ, ಹುಳಿಬರಿಸಿ ವೈನ್ ಮಾಡತೊಡಗಿದರು. ಬೇಡಿಕೆ ನೋಡಿ ಗ್ರೀಕ್ ರೈತರು ಆಲಿವ್ ಮರ ಕಡಿದು ಕರಂಟ್ ಬಳ್ಳಿ ನೆಟ್ಟರು. ಅಷ್ಟರಲ್ಲಿ ಫ್ರಾನ್ಸಿನ ತೋಟಗಳು ಕಸಿಮಾಡಿದ ಬಳ್ಳಿಗಳಿಂದ ಚೇತರಿಸಿಕೊಂಡವು, 1890ರ ದಶಕದ ಶುರುವಿನಲ್ಲಿ ಆಮದಿನ ಮೇಲೆ ಭಾರಿ ಸುಂಕವೂ ಬಿತ್ತು. ಕರಂಟ್ ಬೆಲೆ ಕುಸಿಯಿತು. 1893ರಲ್ಲಿ ಗ್ರೀಸ್ ಸರ್ಕಾರ ಸಾಲ ತೀರಿಸಲಾಗದೆ ಕೈಚೆಲ್ಲಿತು. ಸರ್ಕಾರದ ಸಾಲಕ್ಕೆ ಬೇರೆ ಕಾರಣಗಳೂ ಇದ್ದವು, ಆದರೆ ಕೊನೆಯ ತಳ್ಳು ಈ ಹಣ್ಣಿನದು. ದಕ್ಷಿಣ ಗ್ರೀಸಿನ ಪೆಲೊಪೊನೀಸ್‌ನಿಂದ ಗಂಡಸರು ಹಡಗು ಹತ್ತಿ ಅಮೆರಿಕಕ್ಕೆ ಹೋದರು.

ಸರಿ, ಮುಚ್ಚಿಟ್ಟ ಬಟ್ಟಲು ಈಗ ತೆಗೆಯೋಣ. ಇದೂ ಪುಟ್ಟದು, ಇದೂ ಕಪ್ಪು. ಐದನೇ ತಟ್ಟೆಯ ಪಕ್ಕ ಇಟ್ಟರೆ ಅವಳಿ ಜವಳಿ. ಒಂದು ಕಾಳು ಬಾಯಿಗೆ ಹಾಕಿ. ಮುಖ ಕಿವುಚಿದಿರಾ? ಹುಳಿ. ಒಳಗೆ ಗರಗರ ಎನ್ನುವ ಸಣ್ಣ ಬೀಜಗಳ ರಾಶಿ. ಇದು ಬ್ಲಾಕ್‌ಕರಂಟ್. ಇದಕ್ಕೂ ದ್ರಾಕ್ಷಿಗೂ ಯಾವ ನೆಂಟಸ್ತಿಕೆಯೂ ಇಲ್ಲ. ಬಳ್ಳಿಯೂ ಅಲ್ಲ, ಇದು ಪೊದೆ, ರೈಬೀಸ್ ಎಂಬ ಬೇರೆ ಕುಲ. ಉತ್ತರ ಯೂರೋಪಿನ ಜನ ಈ ಪೊದೆಯ ಹಣ್ಣು ನೋಡಿ, ಕೊರಿಂತಿನಿಂದ ಬರುವ ಒಣಹಣ್ಣಿನ ಹಾಗೇ ಇದೆಯಲ್ಲ ಎಂದು ಅದೇ ಹೆಸರಿಟ್ಟರು. ಹೆಸರು ಕದ್ದದ್ದು ಪೊದೆ, ಗೊಂದಲ ಅನುಭವಿಸುವುದು ನಾವು. ಅಮೆರಿಕದಲ್ಲಿ ಗೊಂದಲ ತಪ್ಪಿಸಲು ಒಣದ್ರಾಕ್ಷಿಯದಕ್ಕೆ ಜಾಂಟೆ ಕರಂಟ್ ಎಂದು ಬರೆಯುತ್ತಾರೆ. ಜಾಂಟೆ ಅಂದರೆ ಗ್ರೀಸಿನ ಜಾಕಿಂತೋಸ್ ದ್ವೀಪ.

ಈ ಬಟ್ಟಲಿನ ಪಾಠ ನಾನು ಪುಸ್ತಕದಿಂದ ಕಲಿತದ್ದಲ್ಲ. ಒಮ್ಮೆ ಕೇಕಿಗೆ ಅಂತ ಕರಂಟ್ ತರಿಸಿದೆ. ಬಂದದ್ದು ಇದು. ಪೊಟ್ಟಣದ ಮೇಲೆ ಕರಂಟ್ ಎಂದೇ ಇತ್ತು, ಮುಂದಿನ 'ಬ್ಲಾಕ್' ನನ್ನ ಕಣ್ಣಿಗೆ ಬರೀ ಬಣ್ಣವಾಗಿ ಕಂಡಿತ್ತು. ಕೇಕ್ ತಿಂದ ನೆಂಟರು ಬಹಳ ಸಭ್ಯರು, "ವಿಶೇಷವಾಗಿದೆ" ಅಂದರು.

ಆರನೇ ತಟ್ಟೆ. ಇದು ಮಸ್ಕತ್ ಆಫ್ ಅಲೆಕ್ಸಾಂಡ್ರಿಯಾ. ಗುರುತಿಸುವುದು ಸುಲಭ. ದಪ್ಪ, ಸಿಪ್ಪೆ ಗಟ್ಟಿ, ಒಳಗೆ ನಿಜವಾದ ಬೀಜ, ಮೂಗಿಗೆ ಹಿಡಿದರೆ ಹೂವಿನ ಪರಿಮಳ. ಆ ವಾಸನೆ ಲಿನಲೂಲ್, ಜೆರಾನಿಯಾಲ್ ಎಂಬ ವಸ್ತುಗಳದು. ಗುಲಾಬಿಯಲ್ಲೂ ಇರುವಂಥವು. ಬೇರೆ ಯಾವ ತಟ್ಟೆಗೂ ಈ ಪರಿಮಳ ಇಲ್ಲ. ಸ್ಪೇನಿನ ಮಾಲಗ ಸೀಮೆಯ ಬೆಟ್ಟದ ಇಳಿಜಾರುಗಳಲ್ಲಿ ಇದನ್ನು ಬಿಸಿಲಿಗೆ ಹರಡಿ, ಕೈಯಲ್ಲೇ ಮಗುಚಿ ಹಾಕಿ, ರಾತ್ರಿ ಇಬ್ಬನಿ ತಾಗದಂತೆ ಹೊದಿಸಿ ಒಣಗಿಸುತ್ತಾರೆ. 2017ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಆ ಪದ್ಧತಿಯನ್ನು ಜಾಗತಿಕ ಮಹತ್ವದ ಕೃಷಿ ಪರಂಪರೆಯ ಪಟ್ಟಿಗೆ ಸೇರಿಸಿತು. ಇದು ಮೆತ್ತಗಿರಬೇಕಾದ ಹಣ್ಣು. ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡ ಬೀಜವಿಲ್ಲದ ಒಣದ್ರಾಕ್ಷಿಯಲ್ಲಿ ಶೇ. 18ಕ್ಕಿಂತ ಹೆಚ್ಚು ತೇವ ಇರಬಾರದು ಎನ್ನುತ್ತದೆ. ಮಾಲಗ ಮಸ್ಕತ್‌ಗೆ ಮಾತ್ರ ಶೇ. 31ರವರೆಗೆ ರಿಯಾಯಿತಿ. ಅದೇ ಮಾನದಂಡ ಕರಂಟನ್ನು ಒಣದ್ರಾಕ್ಷಿ ಪಟ್ಟಿಯಿಂದಲೇ ಹೊರಗಿಟ್ಟಿದೆ. ದ್ರಾಕ್ಷಿಯೇ ಆದರೂ ಪಂಕ್ತಿ ಬೇರೆ!

ಮಸ್ಕತ್ ಪೊಟ್ಟಣ ಓದುವಾಗ ಒಂದು ತಮಾಷೆ ಇದೆ. ಇಂಗ್ಲಿಷಿನಲ್ಲಿ 'ಸೀಡೆಡ್' ಎಂದು ಬರೆದಿದ್ದರೆ ಬೀಜ ಇರುವುದು ಅಂದುಕೊಳ್ಳುತ್ತೇವೆ. ಹಳೇ ವ್ಯಾಪಾರದ ಭಾಷೆಯಲ್ಲಿ ಅದರ ಅರ್ಥ ಬೀಜ ತೆಗೆದದ್ದು. 'ಸೀಡ್‌ಲೆಸ್' ಅಂದರೆ ಹುಟ್ಟಿನಿಂದಲೇ ಬೀಜ ಇಲ್ಲದ್ದು. ಇದಕ್ಕೆ ಸರಿಜೋಡಿ ನಮ್ಮ ಕಿವಿಗೆ ಬಿದ್ದಿರುವ ಮುನಕ್ಕಾ ಎಂಬ ಪದ. ಅರಬ್ಬಿಯಲ್ಲಿ ಅದರ ಅರ್ಥ ಶುಚಿ ಮಾಡಿದ್ದು. ಬಾಯಿಗೆ ಹಾಕಿದರೆ ಮೊದಲು ಸಿಗುವುದು ಬೀಜ.

ಕೆಂಪು ಛಾಯೆಯ ದಪ್ಪ ಒಣದ್ರಾಕ್ಷಿ ನೋಡಿದ್ದೇವಲ್ಲ, ಅದು ಯಾವುದು ಎಂದು ಹಿಂದಿನಿಂದ ಪ್ರಶ್ನೆ ಬಂತು. ಬಹುಮಟ್ಟಿಗೆ ಅದು ಫ್ಲೇಮ್ ಸೀಡ್‌ಲೆಸ್ ಇರಬೇಕು. 1973ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬಿಡುಗಡೆಯಾದ ಕೆಂಪು ದ್ರಾಕ್ಷಿ. ಬೆಳಕಿಗೆ ಹಿಡಿದರೆ ಕೆಂಪು ಮಿಂಚುತ್ತದೆ. ಮೊದಲನೇ ತಟ್ಟೆಯದನ್ನು ಹಿಡಿದರೆ ಕಂದು ಮಾತ್ರ.

ಇನ್ನು ಒಳ್ಳೆಯದು ಕೆಟ್ಟದ್ದು ಹೇಗೆ ನೋಡುವುದು? ಸುಕ್ಕು ನೋಡಿ. ಚೆನ್ನಾಗಿ ಹಣ್ಣಾದ ಮೇಲೆ ಕೊಯ್ದದ್ದಾದರೆ ಸುಕ್ಕು ಸಣ್ಣ ಸಣ್ಣದು, ಒತ್ತೊತ್ತು, ಕಾಳು ಉಬ್ಬಿರುತ್ತದೆ. ಕಾಯಿ ಇರುವಾಗಲೇ ಕೊಯ್ದದ್ದಾದರೆ ಸಕ್ಕರೆ ಕಡಿಮೆ, ಒಣಗಿದ ಮೇಲೆ ತುಂಬಿಕೊಳ್ಳಲು ಒಳಗೆ ಏನೂ ಇಲ್ಲ. ಚಪ್ಪಟೆಯಾಗಿ, ದಪ್ಪ ಮಡಿಕೆ ಬೀಳುತ್ತದೆ. ಅಮೆರಿಕದಲ್ಲಿ ದರ್ಜೆ ಕಟ್ಟುವಾಗ ಇದನ್ನೇ ಗಾಳಿಯಿಂದ ಪರೀಕ್ಷಿಸುತ್ತಾರೆ. ಕೆಳಗಿನಿಂದ ಗಾಳಿ ಊದಿದರೆ ಜೊಳ್ಳು ಮೇಲೆ ಹಾರುತ್ತದೆ, ತೂಕದ್ದು ಕೆಳಗೆ ಬೀಳುತ್ತದೆ. ಮೊರದಲ್ಲಿ ಕೇರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಪ್ರಶ್ನೆಗಳ ಹೊತ್ತಿನಲ್ಲಿ ಒಬ್ಬರು ತಮ್ಮ ಕೈಚೀಲದಿಂದ ಒಂದು ಡಬ್ಬಿಯನ್ನೇ ತೆಗೆದರು. ಒಳಗಿನ ಒಣದ್ರಾಕ್ಷಿಯ ಮೇಲೆ ಬಿಳಿ ಪುಡಿ. ಬೂಷ್ಟಾ ಎಂದು ಕೇಳಿದರು. ಭೂತಗನ್ನಡಿಯಲ್ಲಿ ನೋಡಿದೆವು. ಹರಳು ಹರಳಾಗಿ ಗರಸು ಗರಸು ಇತ್ತು. ಬಿಸಿನೀರಿಗೆ ಹಾಕಿ ಕದಡಿದರೆ ಕರಗಿಹೋಯಿತು. ಅದು ಹಣ್ಣಿನದೇ ಸಕ್ಕರೆ, ದ್ರಾಕ್ಷಿಯಲ್ಲಿ ಸಹಜವಾಗಿಯೇ ಇರುವ ಟಾರ್ಟಾರಿಕ್ ಆಮ್ಲದ ಉಪ್ಪೂ ಸ್ವಲ್ಪ ಸೇರಿರುತ್ತದೆ. ಹಳೆಯದಾದಾಗ ಹೊರಗೆ ಬಂದು ಹರಳುಗಟ್ಟುತ್ತದೆ. ಬೂಷ್ಟು ಹೀಗಿರುವುದಿಲ್ಲ. ಹತ್ತಿಯ ಎಳೆಯ ಹಾಗೆ ಕಾಣುತ್ತದೆ, ಮುಗ್ಗುಲು ವಾಸನೆ ಬರುತ್ತದೆ, ಕರಗುವುದೂ ಇಲ್ಲ. ಹಾಗಿದ್ದರೆ ಎಸೆಯಿರಿ.

ಯಾವುದರಲ್ಲಿ ಸಕ್ಕರೆ ಕಡಿಮೆ ಎಂಬ ಪ್ರಶ್ನೆಯೂ ಬಂತು. ಬರದೇ ಇರುತ್ತದೆಯೇ! ಯಾವುದರಲ್ಲೂ ಕಡಿಮೆ ಇಲ್ಲ. ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಸಕ್ಕರೆಯೇ. ನೂರು ಗ್ರಾಂ ತಿಂದರೆ ಸುಮಾರು 300 ಕ್ಯಾಲೊರಿ. ಕಪ್ಪು ಒಳ್ಳೆಯದು, ಹಳದಿ ಕೆಟ್ಟದು ಎನ್ನುವವರಿಗೆ ಮೊದಲ ಮೂರು ತಟ್ಟೆ ತೋರಿಸಿ, ಹಣ್ಣು ಒಂದೇ ಎಂದು ಹೇಳಿ. ಮನೆಯಲ್ಲಿ ನಾಯಿ ಇದ್ದರೆ ಮಾತ್ರ ಆರೂ ತಟ್ಟೆ ಎತ್ತರದಲ್ಲಿಡಿ. ದ್ರಾಕ್ಷಿ, ಒಣದ್ರಾಕ್ಷಿ ಎರಡೂ ನಾಯಿಯ ಮೂತ್ರಪಿಂಡ ಕೆಡಿಸಬಲ್ಲವು. 2021ರಲ್ಲಿ ಅಮೆರಿಕದ ಪಶುವೈದ್ಯರು ಟಾರ್ಟಾರಿಕ್ ಆಮ್ಲದ ಕಡೆ ಬೆರಳು ತೋರಿಸಿದರು. ಎಷ್ಟು ತಿಂದರೆ ಅಪಾಯ ಎಂಬುದು ನಾಯಿಯಿಂದ ನಾಯಿಗೆ ಬದಲಾಗುತ್ತದೆ, ಅದಕ್ಕೇ ಒಂದೂ ಕೊಡಬೇಡಿ.

ಮಾತು ಇಲ್ಲಿಗೆ ಮುಗಿಯಬೇಕಿತ್ತು. ನಾನು ನೀರು ಕುಡಿಯಲು ತಿರುಗಿದೆ. ಅಷ್ಟರಲ್ಲಿ ಏಳೆಂಟು ವರ್ಷದ ಒಬ್ಬಳು ಹುಡುಗಿ ಆರೂ ತಟ್ಟೆಯಿಂದ ಒಂದೊಂದು ಹಿಡಿ ತೆಗೆದು ಒಂದೇ ಕಡೆ ಸುರಿದು, "ಈಗ ಬೇರೆ ಮಾಡಿ" ಅಂದಳು. ಸಭೆಗೆ ಸಭೆಯೇ ಮೇಜಿನ ಸುತ್ತ ನಿಂತಿತು. ಕರಂಟ್ ತಾನಾಗಿಯೇ ಬೆರಳ ಸಂದಿಯಿಂದ ಉದುರಿತು. ಮಸ್ಕತ್ತನ್ನು ಹಿಸುಕಿದರೆ ಬೀಜ ಸಿಕ್ಕಿತು. ಹಳದಿ, ಹಸಿರು ಬಣ್ಣದಿಂದಲೇ ಬೇರೆಯಾದವು. ಬಣ್ಣ ಸುಳ್ಳು ಸಾಕ್ಷಿ ಎಂದು ಬೈದವನೇ ಅದರ ಸಹಾಯ ತೆಗೆದುಕೊಂಡೆ, ಯಾರೂ ಗಮನಿಸಲಿಲ್ಲ ಅಂದುಕೊಂಡಿದ್ದೇನೆ. ಕಂದು ಮತ್ತು ಜೇನುಬಣ್ಣದ ನಡುವೆ ಒಂದು ಕಾಳು ಉಳಿಯಿತು. ಕಂದಿಗೆ ತೆಳು, ಜೇನಿಗೆ ಗಾಢ. ಬೆಳಕಿಗೆ ಹಿಡಿದೆ, ಮೂಸಿದೆ, ಭೂತಗನ್ನಡಿ ಇಟ್ಟೆ. ಒಬ್ಬರು ಅದ್ದಿದ್ದು ಅಂದರು, ಇನ್ನೊಬ್ಬರು ಬಿಸಿಲಿನದು ಅಂದರು. ಹುಡುಗಿ ನನ್ನ ಕೈಯಿಂದ ಕಾಳು ತೆಗೆದುಕೊಂಡು ಬಾಯಿಗೆ ಹಾಕಿಕೊಂಡಳು. ಸಾವಕಾಶವಾಗಿ ಅಗಿದಳು.

"ಮೊದಲನೇ ತಟ್ಟೆ," ಅಂದಳು. "ಸುಟ್ಟ ಸಕ್ಕರೆ."